ಹೆಸರು ಅದೇ, ನಡೆ ಬೇರೆ: ಜಾವಾದಿಂದ ಪೈಥಾನ್‌ಗೆ ಬಂದವರೊಬ್ಬರ ಪ್ರಕರಣ

ಜಾವಾ, ಪೈಥಾನ್ ಎರಡೂ ಪ್ರೋಗ್ರಾಮ್ ಬರೆಯುವ ಭಾಷೆಗಳು. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ನಮ್ಮ ತಂಡದಲ್ಲೇ ನಡೆದದ್ದು ಇದು. ಊರು, ಕಂಪನಿ, ಹಾಲಿನ ಸಂಘಗಳ ಹೆಸರು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗದ ಹಾಗೆ ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ಯಾರ ಕತೆಯೋ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ಗ್ರೂಪ್‌ಬೈ ವಿಷಯ ಮಾತ್ರ ಬಿಡಬೇಡ" ಅಂದರು. (ಸಾಲುಗಳನ್ನು ಗುಂಪು ಮಾಡುವ ಫಂಕ್ಷನ್ ಅದು, ಅದರ ಕತೆ ಮುಂದೆ ಬರುತ್ತದೆ.) ಆಫೀಸಿನಲ್ಲಿ ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಇಲ್ಲೂ ಹಾಗೇ ಇರಲಿ.

ಹಿನ್ನೆಲೆ

ಅಕ್ಕ ಒಂಬತ್ತು ವರ್ಷ ಜಾವಾ ಬರೆದವರು. 2014ರ ಮಾರ್ಚಿನಲ್ಲಿ ಜಾವಾ 8 ಬಂದು ಲ್ಯಾಮ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಮತ್ತು ಸ್ಟ್ರೀಮ್‌ಗಳನ್ನು (ಒಂದೊಂದಾಗಿ ಹರಿದು ಬರುವ ಡೇಟಾ) ತಂದಿತಲ್ಲ, ಅದನ್ನು ಮನಸಾರೆ ಒಪ್ಪಿಕೊಂಡವರು. ಫಾರ್ ಲೂಪ್ (ಒಂದೊಂದನ್ನೇ ತೆಗೆದುಕೊಂಡು ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಕಂಡರೆ ಅವರ ಕೈ ತುರಿಸುತ್ತಿತ್ತು. ಅದನ್ನು ಮ್ಯಾಪ್, ಫಿಲ್ಟರ್, ರೆಡ್ಯೂಸ್‌ಗೆ ತಿರುಗಿಸುವವರೆಗೆ ಸಮಾಧಾನ ಇರುತ್ತಿರಲಿಲ್ಲ. ಮ್ಯಾಪ್ ಪ್ರತಿಯೊಂದನ್ನೂ ಬದಲಿಸಿ ಕೊಡುತ್ತದೆ, ಫಿಲ್ಟರ್ ಬೇಕಾದ್ದನ್ನು ಮಾತ್ರ ಉಳಿಸುತ್ತದೆ, ರೆಡ್ಯೂಸ್ ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತದೆ. ಅಂದರೆ ಹೀಗೆ ಫಂಕ್ಷನ್ನುಗಳನ್ನು ಜೋಡಿಸಿ ಬರೆಯುವ ಫಂಕ್ಷನಲ್ ಶೈಲಿ ಅವರಿಗೆ ಹೊಸದಲ್ಲ. ಹೊಸದು ಪೈಥಾನ್ ಮಾತ್ರ. ಈ ಪ್ರಕರಣದ ಗಂಟು ಇರುವುದೇ ಇಲ್ಲಿ.

ನಮ್ಮ ಕೆಲಸ ಹಾಲಿನ ಲೆಕ್ಕ. ಸುಮಾರು 40 ಹಳ್ಳಿ ಡೈರಿಗಳು, ಒಂದೊಂದರಲ್ಲಿ ನೂರೈವತ್ತರಷ್ಟು ಸದಸ್ಯರು. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ಪ್ರತಿ ಸಲ ಹಾಲು ಅಳೆದಾಗಲೂ ಒಂದು ಸಾಲು ದಾಖಲಾಗುತ್ತದೆ: ತಾರೀಖು, ಪಾಳಿ, ಡೈರಿ ನಂಬರ್, ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ). ಹದಿನೈದು ದಿನಕ್ಕೆ ಹತ್ತಿರ ಹತ್ತಿರ 1,80,000 ಸಾಲು. ಅದರಿಂದ ಪ್ರತಿ ಸದಸ್ಯರ ಬಿಲ್ ತೆಗೆದು ಬಟವಾಡೆಗೆ ಕಳಿಸಬೇಕು.

ಇದನ್ನು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಒಂದು ಎಕ್ಸೆಲ್ ಮ್ಯಾಕ್ರೋ. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇರಲಿಲ್ಲ. ಮೂರು ವಾರದಲ್ಲಿ ಅದೇ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದುಕೊಡಿ ಅಂತ ಅಕ್ಕನಿಗೆ ಹೇಳಲಾಯಿತು. ಅವರ ಕೋಡ್ ನೋಡಿ ಒಪ್ಪುವ ಕೆಲಸ ನನ್ನದು.

ಎರಡು ಕಾಲಮ್ಮಿನ ನೋಟ್‌ಬುಕ್

ಮೊದಲ ವಾರ ಅಕ್ಕ ಬರೆದದ್ದು ಪೈಥಾನ್ ವೇಷ ಹಾಕಿದ ಜಾವಾ. ಎಲ್ಲದಕ್ಕೂ ಒಂದು ಕ್ಲಾಸ್, ಎಲ್ಲದಕ್ಕೂ ಗೆಟ್ಟರ್, ಸೆಟ್ಟರ್ (ಬೆಲೆ ಓದಲು, ಬದಲಿಸಲು ಬರೆಯುವ ಪುಟ್ಟ ಫಂಕ್ಷನ್ನುಗಳು). ನಮ್ಮ ಸೀನಿಯರ್ ಒಬ್ಬರು ನೋಡಿ, "ಇದು ಇಲ್ಲಿ ನಾಲ್ಕು ಸಾಲಿನ ಕೆಲಸ ಅಲ್ವಾ?" ಅಂದುಬಿಟ್ಟರು. ಹೇಳಿದ್ದು ಸರಿಯೇ, ಆದರೆ ಅಷ್ಟು ಜನರ ಮುಂದೆ ಹೇಳಬಾರದಿತ್ತು.

ಅಕ್ಕ ಆ ಸಂಜೆ ಒಂದು ನಿರ್ಧಾರ ಮಾಡಿದರು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮಧ್ಯೆ ಗೆರೆ ಎಳೆದು, ಎಡಕ್ಕೆ ಜಾವಾದಲ್ಲಿ ತಾವು ಬಳಸುತ್ತಿದ್ದದ್ದನ್ನು, ಬಲಕ್ಕೆ ಪೈಥಾನ್‌ನಲ್ಲಿ ಅದಕ್ಕೆ ಸಮನಾದದ್ದನ್ನು ಬರೆದರು. ಮ್ಯಾಪ್‌ಗೆ ಮ್ಯಾಪ್. ಫಿಲ್ಟರ್‌ಗೆ ಫಿಲ್ಟರ್. ಗ್ರೂಪಿಂಗ್‌ಬೈಗೆ ಗ್ರೂಪ್‌ಬೈ. ಲ್ಯಾಮ್ಡಾಗೆ ಲ್ಯಾಮ್ಡಾ. ಅರ್ಧ ಗಂಟೆಯಲ್ಲಿ ಪುಟ ತುಂಬಿತು. ನನಗೆ ತೋರಿಸಿದಾಗ ನಾನೂ "ಚೆನ್ನಾಗಿದೆ ಅಕ್ಕ" ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹಿಂದಿಯಲ್ಲಿ ಶಿಕ್ಷಾ ಅಂದರೆ ಓದು, ನಮ್ಮಲ್ಲಿ ಶಿಕ್ಷೆ ಅಂದರೆ ಏಟು. ಆ ಪುಟದಲ್ಲಿ ಅಂಥ ಜೋಡಿಗಳು ಕಡಿಮೆ ಅಂದರೂ ಮೂರು ಕೂತಿದ್ದವು. ಇಬ್ಬರಿಗೂ ಕಾಣಲಿಲ್ಲ.

ನೋಡಿದರೆ ಮಾಯವಾಗುವ ಸಾಲುಗಳು

ಮೊದಲು ಕೈಕೊಟ್ಟದ್ದು ಫಿಲ್ಟರ್. ಫೈಲಿನಿಂದ ಸೊನ್ನೆ ಲೀಟರಿನ ಸಾಲುಗಳನ್ನು ತೆಗೆದುಹಾಕಲು ಅಕ್ಕ ಫಿಲ್ಟರ್ ಹಾಕಿದ್ದರು. ಬಂದದ್ದನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಂಡರು. ಏನೂ ಬರದಿದ್ದರೆ ಅಲ್ಲೇ ನಿಲ್ಲಿಸು ಅಂತ ಒಂದು ಇಫ್ ಬರೆದರು. ಆಮೇಲೆ ಎನಿ (ಒಂದಾದರೂ ಇದೆಯಾ ಅಂತ ಹುಡುಕಿ, ಸಿಕ್ಕ ಕೂಡಲೇ ನಿಲ್ಲುವ ಫಂಕ್ಷನ್) ಬಳಸಿ, ಫ್ಯಾಟ್ 10ಕ್ಕಿಂತ ಜಾಸ್ತಿ ಇರುವ ಸಾಲು ಏನಾದರೂ ಇದೆಯಾ ಅಂತ ನೋಡಿದರು. ಅಷ್ಟು ಫ್ಯಾಟ್ ಬಂದರೆ ಅಳೆಯುವ ಯಂತ್ರವೇ ಕೆಟ್ಟಿದೆ ಅಂತ ಅರ್ಥ. ಕೊನೆಗೆ ಉಳಿದ ಸಾಲುಗಳನ್ನು ಹೊಸ ಫೈಲಿಗೆ ಬರೆದರು.

ಹೊಸ ಫೈಲಿನಲ್ಲಿ ತಲೆಬರಹ ಬಿಟ್ಟರೆ ಏನೂ ಇರಲಿಲ್ಲ.

ಇನ್ನೊಂದು ದಿನದ ಫೈಲು ಹಾಕಿ ನೋಡಿದರು. ಅದರಲ್ಲಿ ಸುಮಾರು ಅರ್ಧದಷ್ಟು ಸಾಲು ಬಂತು. ಒಂದೇ ಕೋಡ್, ಒಂದು ಫೈಲಿಗೆ ಖಾಲಿ, ಇನ್ನೊಂದಕ್ಕೆ ಅರ್ಧ. ಮಧ್ಯೆ ಏನಿದೆ ನೋಡೋಣ ಅಂತ ಅದೇ ವೇರಿಯೇಬಲ್ಲನ್ನು ಪಟ್ಟಿ ಮಾಡಿ ಪ್ರಿಂಟ್ ಮಾಡಿದರು. ಪರದೆಯ ತುಂಬ ಸಾಲುಗಳು ಚೆನ್ನಾಗಿಯೇ ಕಂಡವು. ಆದರೆ ಈ ಸಲ ಎರಡನೇ ಫೈಲೂ ಖಾಲಿ! ಪ್ರಿಂಟ್ ತೆಗೆದರೆ ಮತ್ತೆ ಅರ್ಧ. ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದರು ಪಾಪ.

ಆಗಿದ್ದು ಇಷ್ಟು. ಪೈಥಾನ್ 3ರಲ್ಲಿ ಫಿಲ್ಟರ್ ಆಗಲಿ, ಮ್ಯಾಪ್ ಆಗಲಿ ಪಟ್ಟಿ ಕೊಡುವುದಿಲ್ಲ. ಕೇಳಿದಾಗ ಒಂದೊಂದಾಗಿ ಕೊಡುತ್ತಾ ಹೋಗುವ ಇಟರೇಟರ್ ಕೊಡುತ್ತವೆ. ಒಮ್ಮೆ ಕೊಟ್ಟದ್ದು ಹೋಯಿತು. ಮೊದಲ ಫೈಲಿನಲ್ಲಿ ಕೆಟ್ಟ ಸಾಲು ಇರಲಿಲ್ಲ. ಹಾಗಾಗಿ ಎನಿ ಕೊನೆಯವರೆಗೂ ಹುಡುಕಿ ಎಲ್ಲವನ್ನೂ ಖಾಲಿ ಮಾಡಿತು. ಎರಡನೆಯದರಲ್ಲಿ ಮಧ್ಯದಲ್ಲೆಲ್ಲೋ ಒಂದು ಕೆಟ್ಟ ಸಾಲಿತ್ತು. ಎನಿ ಅಲ್ಲಿಗೇ ನಿಂತಿತು, ಅದರ ಮುಂದಿನವು ಉಳಿದವು. ಪ್ರಿಂಟ್ ಹಾಕಿದಾಗ ಪ್ರಿಂಟೇ ಎಲ್ಲವನ್ನೂ ತಿಂದು ಹಾಕಿತು. ಕಾವಲಿಗೆ ಇಟ್ಟಿದ್ದ ಇಫ್ ಕೂಡ ಪ್ರಯೋಜನಕ್ಕೆ ಬರಲಿಲ್ಲ. ಖಾಲಿ ಪಟ್ಟಿಯನ್ನು ಪೈಥಾನ್ "ಇಲ್ಲ" ಅಂತ ನೋಡುತ್ತದೆ ನಿಜ. ಆದರೆ ಇಟರೇಟರ್ ಒಳಗೆ ಏನೂ ಇಲ್ಲದಿದ್ದರೂ "ಇದೆ" ಅಂತಲೇ ನೋಡುತ್ತದೆ.

ಜಾವಾದ ಸ್ಟ್ರೀಮ್ ಕೂಡ ಒಂದೇ ಸಲ ಬಳಸುವ ವಸ್ತು. ಅದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಎರಡನೇ ಸಲ ಮುಟ್ಟಿದರೆ ಪ್ರೋಗ್ರಾಮ್ ಎಕ್ಸೆಪ್ಷನ್ (ತಪ್ಪಿನ ಸೂಚನೆ) ಎಸೆದು ನಿಂತುಬಿಡುತ್ತದೆ. ಪೈಥಾನ್ ಸುಮ್ನೆ ಇರುತ್ತದೆ. ಮುಗಿದುಹೋದ ಇಟರೇಟರಿಗೂ ಮೊದಲಿನಿಂದಲೇ ಖಾಲಿ ಇದ್ದದ್ದಕ್ಕೂ ಫಾರ್ ಲೂಪ್ ವ್ಯತ್ಯಾಸ ಮಾಡುವುದಿಲ್ಲ. ಇನ್ನೊಂದು ಎಡವಟ್ಟು ಅಂದರೆ ಅಕ್ಕ ಓದಿದ ಪಾಠಗಳಲ್ಲಿ ಒಂದೆರಡು ಪೈಥಾನ್ 2ರ ಕಾಲದವು. ಆಗ ಮ್ಯಾಪ್, ಫಿಲ್ಟರ್ ಎರಡೂ ಪಟ್ಟಿಯನ್ನೇ ಕೊಡುತ್ತಿದ್ದವು. ಪಾಠದಲ್ಲಿ ಕಂಡದ್ದು ಆ ಕಾಲಕ್ಕೆ ಸರಿಯಾಗಿತ್ತು.

ಎಲ್ಲ ಡೈರಿಗೂ ಒಂದೇ ಕಡಿತ

ಎರಡನೆಯದು ಲ್ಯಾಮ್ಡಾ. ಇದನ್ನು ನಾನು ಕೋಡ್ ಓದುವಾಗಲೇ ಹಿಡಿದೆ. ಹಿಂದೊಮ್ಮೆ ನಾನೇ ಇದರಲ್ಲಿ ಬಿದ್ದಿದ್ದೆ, ಹಾಗಾಗಿ.

ಡೈರಿಯಿಂದ ಡೈರಿಗೆ ಸಾಗಾಣಿಕೆ ಕಡಿತ ಬೇರೆ ಬೇರೆ. ಅಕ್ಕ ಒಂದು ಲೂಪ್ ಒಳಗೆ ಪ್ರತಿ ಡೈರಿಗೂ ಒಂದು ಲ್ಯಾಮ್ಡಾ ಮಾಡಿ ಡಿಕ್ಷನರಿಯಲ್ಲಿ (ಕೀ ಅನ್ನುವ ಗುರುತು ಕೊಟ್ಟರೆ ಅದರ ಬೆಲೆ ಕೊಡುವ ಕೋಷ್ಟಕ) ಇಟ್ಟಿದ್ದರು. ಲೂಪ್ ಮುಗಿದ ಮೇಲೆ ಯಾವ ಡೈರಿಯ ಲ್ಯಾಮ್ಡಾ ಕರೆದರೂ ಕೊನೆಯ ಡೈರಿಯ ಕಡಿತವನ್ನೇ ಕಳೆಯುತ್ತಿತ್ತು. ಪೈಥಾನ್‌ನ ಲ್ಯಾಮ್ಡಾ ಬೆಲೆಯನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ, ವೇರಿಯೇಬಲ್ಲಿನ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ. ಕರೆದಾಗ ಆ ಹೆಸರಿನಲ್ಲಿ ಏನಿದೆಯೋ ಅದನ್ನು ತೆಗೆದುಕೊಳ್ಳುತ್ತದೆ. ಜಾವಾದಲ್ಲಿ ಹೀಗಾಗುವಂತಿಲ್ಲ. ಲ್ಯಾಮ್ಡಾ ಬಳಸುವ ಹೊರಗಿನ ಲೋಕಲ್ ವೇರಿಯೇಬಲ್ ಬದಲಾಗುವಂಥದ್ದಾದರೆ ಕಂಪೈಲರ್ (ಓಡಿಸುವ ಮೊದಲೇ ಕೋಡನ್ನು ಪರೀಕ್ಷಿಸಿ ತರ್ಜುಮೆ ಮಾಡುವ ಪ್ರೋಗ್ರಾಮ್) ಕೋಡನ್ನೇ ಒಪ್ಪುವುದಿಲ್ಲ. ಒಂಬತ್ತು ವರ್ಷ ಕಂಪೈಲರ್ ಕೈ ಹಿಡಿದು ನಡೆಸಿತ್ತು, ಕೈ ಹಿಡಿದಿದೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು.

ಪೈಥಾನಿಗರು ಇದಕ್ಕೆ ಲ್ಯಾಮ್ಡಾದಲ್ಲೇ "ಕಡಿತ=ಕಡಿತ" ಅಂತ ಡಿಫಾಲ್ಟ್ ಆರ್ಗ್ಯುಮೆಂಟ್ ಬರೆದು ಬೆಲೆಯನ್ನು ಆಗಲೇ ಕಟ್ಟಿಹಾಕುತ್ತಾರೆ. ಅಕ್ಕ ಅದನ್ನು ನೋಡಿ ಮುಖ ಸಿಂಡರಿಸಿದರು. ಕಡಿತವನ್ನು ತೆಗೆದುಕೊಂಡು ಫಂಕ್ಷನ್ ವಾಪಸ್ ಕೊಡುವ ಒಂದು ಪುಟ್ಟ ಫಂಕ್ಷನ್ ಬರೆದರು. ಎರಡು ಸಾಲು ಜಾಸ್ತಿ, ಆದರೆ ಓದುವವರಿಗೆ ಅರ್ಥವಾಗುತ್ತದೆ. ನನಗೂ ಅದೇ ಇಷ್ಟ.

ಆರು ಲೀಟರ್

ಮೂರನೆಯದನ್ನು ನಾನೂ ಹಿಡಿಯಲಿಲ್ಲ, ಸೀನಿಯರೂ ಹಿಡಿಯಲಿಲ್ಲ. ಹಿಡಿದವರು ಕೋಡ್ ಓದಲು ಬಾರದವರು.

ನಮ್ಮಲ್ಲಿ ಲೆಕ್ಕ ನೋಡುವ ಹಿರಿಯರೊಬ್ಬರಿದ್ದಾರೆ. ಎರಡು ಬಟವಾಡೆಯವರೆಗೆ ಹಳೆಯ ಮ್ಯಾಕ್ರೋ ಮತ್ತು ಹೊಸ ಪ್ರೋಗ್ರಾಮ್ ಎರಡೂ ಓಡಬೇಕು, ದುಡ್ಡು ಹೋಗುವುದು ಹಳೆಯದರ ಲೆಕ್ಕದ ಪ್ರಕಾರವೇ ಅಂತ ಅವರು ಹಟ ಹಿಡಿದಿದ್ದರು. ನಮಗೆ ಅದು ಅತಿಯಾಯಿತು ಅನ್ನಿಸಿತ್ತು. ಟೆಸ್ಟುಗಳೆಲ್ಲ ಪಾಸಾಗಿದ್ದವಲ್ಲ!

ಹೊಸ ಪ್ರೋಗ್ರಾಮಿನ ಮೊದಲ ಪಟ್ಟಿಯನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲೆ ಇಟ್ಟರು ಅಕ್ಕ. ಅವರು ಕನ್ನಡಕ ಏರಿಸಿಕೊಂಡು ಎರಡನೇ ಪುಟಕ್ಕೆ ನಿಂತರು.

"ಇದೇನಮ್ಮ, ಹದಿನೈದು ದಿನಕ್ಕೆ ಆರು ಲೀಟರ್ರಾ? ಆ ಮನೇಲಿ ನಾಲ್ಕು ಹಸು ಇದಾವೆ."

"ಸರ್, ಮಧ್ಯೆ ಹಾಲು ಹಾಕಿಲ್ವೇನೋ."

"ಊರಿಗೂರೇ ಹಾಕಿಲ್ವಾ? ನೋಡು, ಯಾರದೂ ಹದಿನೈದು ದಾಟಿಲ್ಲ."

ಪುಟ ತಿರುಗಿಸಿದರೆ ನಿಜ. ಎಲ್ಲರ ಲೆಕ್ಕವೂ ಒಂದು ಹೊತ್ತಿನ ಹಾಲಿನಷ್ಟೇ ಇತ್ತು.

ಜಾವಾದ ಗ್ರೂಪಿಂಗ್‌ಬೈ ಸಾಲುಗಳು ಯಾವ ಕ್ರಮದಲ್ಲಿ ಬಂದರೂ ಒಂದೇ ಕೀ ಇರುವವನ್ನೆಲ್ಲ ಒಂದು ಗುಂಪಿಗೆ ಹಾಕುತ್ತದೆ. ಪೈಥಾನ್‌ನ ಇಟರ್‌ಟೂಲ್ಸ್ ಅನ್ನುವ ಕಂತೆಯಲ್ಲಿರುವ ಗ್ರೂಪ್‌ಬೈ ಪಕ್ಕಪಕ್ಕದಲ್ಲಿ ಇರುವವನ್ನು ಮಾತ್ರ ಗುಂಪು ಮಾಡುತ್ತದೆ. ಕೀ ಬದಲಾದ ತಕ್ಷಣ ಹೊಸ ಗುಂಪು. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ, ಪಕ್ಕಪಕ್ಕದ ಒಂದೇ ಥರದ ಸಾಲುಗಳನ್ನು ಒಂದು ಮಾಡುವ ಯುನಿಕ್ ಕಮ್ಯಾಂಡ್ ಮಾಡುವ ಹಾಗೆ. ಪೈಥಾನ್‌ನ ಕೈಪಿಡಿಯೇ ಆ ಹೋಲಿಕೆ ಕೊಟ್ಟು, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ಗ್ರೂಪ್ ಬೈಗಿಂತ ಇದು ಬೇರೆ ಅಂತ ಎಚ್ಚರಿಸುತ್ತದೆ. ಆದರೆ ಹೆಸರು ಗೊತ್ತಿರುವ ವಸ್ತುವಿನ ಕೈಪಿಡಿಯನ್ನು ಯಾರು ಓದುತ್ತಾರೆ?

ನಮ್ಮ ಫೈಲು ಹೊತ್ತಿನ ಕ್ರಮದಲ್ಲಿ ಇರುತ್ತದೆ. ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು ಹಾಲು ಹಾಕುತ್ತಾರೆ, ಸಂಜೆ ಮತ್ತೆ ಅವರೇ ಬರುತ್ತಾರೆ. ಹಾಗಾಗಿ ಒಂದೊಂದು ಸಾಲೂ ಒಂದೊಂದು ಗುಂಪಾಯಿತು. ಅಕ್ಕ ಆ ಗುಂಪುಗಳ ಮೊತ್ತವನ್ನು ಡಿಕ್ಷನರಿಗೆ ಹಾಕುತ್ತಿದ್ದರು. ಒಂದೇ ಸದಸ್ಯರ ಕೀ ಮೂವತ್ತು ಸಲ ಬಂತು. ಪ್ರತಿ ಸಲವೂ ಹೊಸದು ಹಳೆಯದನ್ನು ಅಳಿಸಿ ಕೂತಿತು. ಕೊನೆಗೆ ಉಳಿದದ್ದು ಕೊನೆಯ ಸಂಜೆಯ ಹಾಲು. ಎಲ್ಲೂ ಎರರ್ ಇಲ್ಲ, ಬಿಲ್ಲಿನ ರೂಪವೂ ಸರಿ, ಸದಸ್ಯರ ಸಂಖ್ಯೆಯೂ ಸರಿ.

ಟೆಸ್ಟು ಯಾಕೆ ಪಾಸಾಗಿತ್ತು ಅಂತ ಆಮೇಲೆ ನೋಡಿದೆವು. ಟೆಸ್ಟಿನ ಫೈಲನ್ನು ಅಕ್ಕ ಕೈಯಾರೆ ಟೈಪ್ ಮಾಡಿದ್ದರು. ಅಚ್ಚುಕಟ್ಟಿನ ಮನುಷ್ಯರು. ಒಂದನೇ ಸದಸ್ಯರ ನಾಲ್ಕು ಸಾಲು, ಆಮೇಲೆ ಎರಡನೆಯವರ ನಾಲ್ಕು ಸಾಲು, ಹೀಗೆ. ಆ ಅಚ್ಚುಕಟ್ಟಿನಿಂದಲೇ ತಪ್ಪು ಮುಚ್ಚಿಹೋಗಿತ್ತು.

ಸರಿ, ಮೊದಲು ಸಾರ್ಟ್ ಮಾಡಿ ಆಮೇಲೆ ಗುಂಪು ಮಾಡಿದರಾಯಿತು ಅಂದುಕೊಂಡರು. ಕೀ ವಿಷಯದಲ್ಲಿ ಅವರು ಎಚ್ಚರವಾಗಿದ್ದರು. 27ನೇ ನಂಬರಿನ ಸದಸ್ಯರು ಪ್ರತಿ ಡೈರಿಯಲ್ಲೂ ಇರುತ್ತಾರೆ, ಹಾಗಾಗಿ ಡೈರಿ ಮತ್ತು ಸದಸ್ಯ ಎರಡನ್ನೂ ಸೇರಿಸಿಯೇ ಕೀ ಮಾಡಿದ್ದರು. ಲೆಕ್ಕ ಸರಿಯಾಯಿತು. ಆಮೇಲೆ ಎಷ್ಟು ಗುಂಪು ಬಂದಿವೆ ಅಂತ ಎಣಿಸಲು ಗ್ರೂಪ್‌ಬೈ ಕೊಟ್ಟದ್ದನ್ನು ಪಟ್ಟಿ ಮಾಡಿಕೊಂಡರು. ಈಗ ಎಲ್ಲರಿಗೂ ಸೊನ್ನೆ ಲೀಟರ್. ಆ ಗುಂಪುಗಳಿಗೆ ಸ್ವಂತದ ಸಾಲುಗಳು ಇರುವುದಿಲ್ಲ. ಎಲ್ಲವೂ ಒಂದೇ ಇಟರೇಟರಿನಿಂದ ಕುಡಿಯುತ್ತವೆ. ಮುಂದಿನ ಗುಂಪಿಗೆ ಹೋದ ಕೂಡಲೇ ಹಿಂದಿನದು ಬತ್ತಿಹೋಗುತ್ತದೆ.

"ಸಾಕು ಮಾರಾಯ" ಅಂದರು ಅಕ್ಕ.

ಶನಿವಾರದ ಟೀ

ಅವತ್ತು ಶನಿವಾರ. ಟೀ ಕುಡಿಯುತ್ತಾ ಪೈಥಾನ್‌ನ ಹಳೆಯ ಕತೆ ಹೇಳಿದೆ. ಲ್ಯಾಮ್ಡಾ, ಮ್ಯಾಪ್, ಫಿಲ್ಟರ್, ರೆಡ್ಯೂಸ್ ನಾಲ್ಕೂ 1994ರ ಪೈಥಾನ್ 1.0ರಲ್ಲೇ ಇದ್ದವು. ಲಿಸ್ಪ್ ಅನ್ನುವ ಹಳೆಯ ಭಾಷೆ ಬಲ್ಲ ಒಬ್ಬರು ಬರೆದು ಕೊಟ್ಟದ್ದರಿಂದ ಒಳಗೆ ಬಂದವು. ಭಾಷೆಯನ್ನು ಕಟ್ಟಿದ ಗೀಡೊ ವಾನ್ ರಾಸಮ್‌ಗೆ ಅವುಗಳ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. 2005ರಲ್ಲಿ, ಪೈಥಾನ್ 3ಕ್ಕೆ ತಯಾರಿ ನಡೆಯುತ್ತಿದ್ದಾಗ, ನಾಲ್ಕನ್ನೂ ತೆಗೆಯೋಣ ಅಂತ ಬಹಿರಂಗವಾಗಿಯೇ ಬರೆದರು. ಜನ ಒಪ್ಪಲಿಲ್ಲ. 2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಬಂದಾಗ ರೆಡ್ಯೂಸ್ ಮಾತ್ರ ಫಂಕ್‌ಟೂಲ್ಸ್ ಅನ್ನುವ ಹಿತ್ತಿಲಿಗೆ ಹೋಯಿತು, ಉಳಿದ ಮೂರು ಮನೆಯೊಳಗೇ ಉಳಿದವು. ಈ ನಡುವೆ 2000ದಲ್ಲಿ, 2.0ರಲ್ಲಿ, ಒಂದೇ ಸಾಲಿನಲ್ಲಿ ಪಟ್ಟಿ ಕಟ್ಟುವ ಲಿಸ್ಟ್ ಕಾಂಪ್ರಿಹೆನ್ಷನ್ ಬಂದಿತ್ತು. ಅದರ ಬೇರು ಹ್ಯಾಸ್ಕೆಲ್ ಅನ್ನುವ ಇನ್ನೊಂದು ಭಾಷೆಯಲ್ಲಿದೆ. ಮ್ಯಾಪ್, ಫಿಲ್ಟರ್ ಮಾಡುವ ಕೆಲಸವನ್ನು ಪೈಥಾನಿಗರು ಹೆಚ್ಚಾಗಿ ಅದರಲ್ಲೇ ಮಾಡುತ್ತಾರೆ. ಅದು ಕೊಡುವುದು ನಿಜವಾದ ಪಟ್ಟಿ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಂದರೆ ನಾನು ಬಂದ ದಿನದಿಂದ ಈ ಮನೆಯ ಅತಿಥಿಗಳ ಜೊತೆಗೇ ಮಾತಾಡುತ್ತಿದ್ದೆ, ಮನೆಯವರ ಜೊತೆ ಮಾತೇ ಆಡಿಲ್ಲ" ಅಂದರು.

ಪ್ರಕರಣ ತಿರುಗಿದ್ದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ. ಸೋಮವಾರ ನೋಟ್‌ಬುಕ್ಕಿಗೆ ಮೂರನೇ ಕಾಲಮ್ ಬಂತು. ಅದರ ತಲೆಬರಹ "ತಪ್ಪಿದರೆ ಕೂಗುತ್ತಾ?" ಒಂದೊಂದು ವಸ್ತುವನ್ನೂ ಪೈಥಾನ್‌ನ ಪ್ರಾಂಪ್ಟಿನಲ್ಲಿ ಮೂರೇ ಸಾಲು ಡೇಟಾ ಕೊಟ್ಟು ಬೇಕಂತಲೇ ತಪ್ಪಾಗಿ ಬಳಸಿ ನೋಡಿದರು. ಕೂಗಿದರೆ ಒಂದು ಟಿಕ್. ಸುಮ್ಮನಿದ್ದರೆ ಕೆಂಪು ಗೆರೆ. ಹೊಸ ಹೆಸರಿನ ವಸ್ತುಗಳ ಮುಂದೆ ಕೆಂಪು ಗೆರೆ ಬಿದ್ದರೂ ತೊಂದರೆ ಆಗುತ್ತಿರಲಿಲ್ಲ, ಅವನ್ನು ಹೇಗಿದ್ದರೂ ಓದಿಯೇ ಬಳಸುತ್ತಿದ್ದರು. ಹೆಸರೂ ಅದೇ, ಮೇಲಾಗಿ ಕೆಂಪು ಗೆರೆ ಅಂದರೆ ಮಾತ್ರ ಹುಷಾರು.

ಗ್ರೂಪ್‌ಬೈ ಹೋಯಿತು. ಅದರ ಜಾಗಕ್ಕೆ ಡೀಫಾಲ್ಟ್‌ಡಿಕ್ಟ್ (ಹೊಸ ಕೀ ಬಂದರೆ ತಾನೇ ಆರಂಭದ ಬೆಲೆ ಹಾಕಿಕೊಳ್ಳುವ ಡಿಕ್ಷನರಿ) ಮತ್ತು ಒಂದು ಸಾದಾ ಫಾರ್ ಲೂಪ್ ಬಂತು. "ಒಂಬತ್ತು ವರ್ಷ ಆದಮೇಲೆ ಮತ್ತೆ ಫಾರ್ ಲೂಪಾ" ಅಂತ ಅವರೇ ನಕ್ಕರು. ಲ್ಯಾಮ್ಡಾ ಸಾರ್ಟಿನ ಕೀ ಬರೆಯಲು ಮಾತ್ರ ಉಳಿಯಿತು. ಒಂದು ಫಂಕ್ಷನ್ ಇನ್ನೊಂದಕ್ಕೆ ಕೊಡುವುದು ಯಾವಾಗಲೂ ಪಟ್ಟಿಯೇ, ಇಟರೇಟರ್ ಅಲ್ಲ ಅಂತ ತೀರ್ಮಾನವಾಯಿತು.

ಈ ಕೊನೆಯದಕ್ಕೆ ಸೀನಿಯರ್ ಒಪ್ಪಲಿಲ್ಲ. ಎಲ್ಲ ಕಡೆ ಜನರೇಟರ್ (ಒಂದೊಂದಾಗಿ ಕೊಡುವ ಇಟರೇಟರಿನದೇ ಒಂದು ಬಗೆ) ಇದ್ದರೆ ಮೆಮೊರಿ ಉಳಿಯುತ್ತದೆ ಅಂದರು. ಮಾತು ಸುಳ್ಳಲ್ಲ. ಆದರೆ ಎರಡು ಲಕ್ಷ ಸಾಲಿಗೆ ಮೆಮೊರಿ ಉಳಿಸಿ ಏನು ಮಾಡುವುದು? ಹಳೆಯ ಲ್ಯಾಪ್‌ಟಾಪ್ ಕೂಡ ಅಷ್ಟನ್ನು ಆರಾಮಾಗಿ ಹೊರುತ್ತದೆ. ನಾನು ಅಕ್ಕನ ಪರ ನಿಂತೆ, ಈಗಲೂ ನಿಲ್ಲುತ್ತೇನೆ.

ಟೆಸ್ಟುಗಳೂ ಬದಲಾದವು. ಕೈಯಲ್ಲಿ ಟೈಪ್ ಮಾಡಿದ ಫೈಲು ಬಿಟ್ಟು ನಿಜವಾದ ಫೈಲಿನ ಇನ್ನೂರು ಸಾಲು ತೆಗೆದುಕೊಂಡು, ಇಸ್ಪೀಟ್ ಎಲೆ ಕಲೆಸಿದ ಹಾಗೆ ಕಲೆಸಿ, ಪ್ರತಿ ಸಲವೂ ಅದೇ ಉತ್ತರ ಬರುತ್ತದಾ ಅಂತ ನೋಡಿದರು. ಅದರ ಜೊತೆಗೆ ಒಂದು ಸಾಲಿನ ಕಾವಲು: ಒಳಗೆ ಬಂದ ಲೀಟರ್ ಎಷ್ಟೋ ಹೊರಗೆ ಹೋದ ಲೀಟರ್ ಅಷ್ಟೇ ಇರಬೇಕು. ಹಾಲು ಅಳೆಯುವ ಯಾವ ಸೆಕ್ರೆಟರಿಯಾದರೂ ಮೊದಲು ನೋಡುವುದು ಇದನ್ನೇ. ನಮಗೆ ಹೊಳೆಯಲು ಮೂರು ವಾರ ಹಿಡಿಯಿತು. ಈ ಕಾವಲು ಮೊದಲೇ ಇದ್ದಿದ್ದರೆ ಫಿಲ್ಟರಿನ ತಪ್ಪೂ ಗ್ರೂಪ್‌ಬೈ ತಪ್ಪೂ ಆ ಕ್ಷಣಕ್ಕೇ ಸಿಕ್ಕಿಬೀಳುತ್ತಿದ್ದವು. ಲ್ಯಾಮ್ಡಾದ್ದು ಸಿಗುತ್ತಿರಲಿಲ್ಲ, ಅದು ರೂಪಾಯಿ ಲೆಕ್ಕದ ತಪ್ಪು.

ಜಾವಾದಿಂದ ತಂದದ್ದರಲ್ಲಿ ಒಂದು ಮಾತ್ರ ಮೊದಲ ದಿನದಿಂದ ಕೊನೆಯವರೆಗೂ ಸರಿಯಾಗಿ ಕೆಲಸ ಮಾಡಿತು, ಅದನ್ನು ಹೇಳದಿದ್ದರೆ ಅನ್ಯಾಯ. ದರ ಹಾಕುವ ಫಂಕ್ಷನ್ನಿಗೆ ಫ್ಯಾಟ್, ಎಸ್‌ಎನ್‌ಎಫ್ ಕೊಟ್ಟರೆ ದರ ವಾಪಸ್ ಕೊಡುತ್ತಿತ್ತು. ಫೈಲು ಮುಟ್ಟುವುದಿಲ್ಲ, ಹೊರಗಿನ ಯಾವುದನ್ನೂ ಬದಲಿಸುವುದಿಲ್ಲ. ಅದನ್ನು ದರಪಟ್ಟಿಯ ಎದುರು ಇಟ್ಟು ಒಂದು ಗಂಟೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿದೆವು. ಒಂದೂ ತಪ್ಪು ಸಿಗಲಿಲ್ಲ. ಅವರ ಫಂಕ್ಷನಲ್ ಅಭ್ಯಾಸ ಪೂರ್ತಿ ಗಟ್ಟಿಯಾಗಿದ್ದದ್ದು ಇಲ್ಲಿ, ಮ್ಯಾಪ್ ಫಿಲ್ಟರ್‌ಗಳಲ್ಲಿ ಅಲ್ಲ.

ಎರಡನೇ ಬಟವಾಡೆ

ಎರಡನೇ ಬಟವಾಡೆಯ ಹೊತ್ತಿಗೆ ಲೀಟರ್ ಲೆಕ್ಕ ಹಳೆಯ ಮ್ಯಾಕ್ರೋ ಜೊತೆ ಪೂರ್ತಿ ಹೊಂದಿತು. ಹಣದಲ್ಲಿ ಅಲ್ಲಲ್ಲಿ ಒಂದು ಪೈಸೆ ವ್ಯತ್ಯಾಸ ಬಂತು. ಎಕ್ಸೆಲ್ ಹಾಳೆಯ ರೌಂಡ್ ಸೂತ್ರ 2.5 ಅನ್ನು 3 ಮಾಡುತ್ತದೆ, ಪೈಥಾನ್ 3ರ ರೌಂಡ್ 2 ಮಾಡುತ್ತದೆ. ಇದೂ ಅದೇ ಹೆಸರು, ಇದೂ ಸುಮ್ಮನಿರುವಂಥದ್ದೇ. ಈ ಸಲ ಅಕ್ಕನಿಗೆ ಹತ್ತು ನಿಮಿಷ ಸಾಕಾಯಿತು. ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಲೆಕ್ಕ ಹಾಕುವ ಪೈಥಾನ್ ಸಾಧನ) ಬಳಸಿ, ಅರ್ಧ ಬಂದರೆ ಮೇಲಕ್ಕೆ ಅಂತ ಹೇಳಿ ಸರಿಮಾಡಿದರು. ಯಾರ ದುಡ್ಡೂ ತಪ್ಪಾಗಿ ಹೋಗಲಿಲ್ಲ. ಆ ಹಿರಿಯರ ಹಟ ಇಲ್ಲದಿದ್ದರೆ ಹೀಗೆ ಬರೆಯಲು ಆಗುತ್ತಿರಲಿಲ್ಲ.

ಹೋದ ತಿಂಗಳು ಒಬ್ಬ ಹುಡುಗ ಸೇರಿಕೊಂಡ, ಜಾವಾಸ್ಕ್ರಿಪ್ಟ್ ಬರೆಯುತ್ತಿದ್ದವನು. ಅಕ್ಕ ಮೊದಲ ದಿನವೇ ನೋಟ್‌ಬುಕ್ಕನ್ನು ಅವನ ಕೈಗೆ ಕೊಟ್ಟು, "ಎಡಗಡೆ ನಿನ್ನ ಭಾಷೆ ಬರ್ಕೋ, ಮೂರನೇ ಕಾಲಮ್ ಮಾತ್ರ ಖಾಲಿ ಬಿಡಬೇಡ" ಅಂದರು. ಎರಡು ದಿನ ಬಿಟ್ಟು ಇಣುಕಿದೆ. ಅವನ ಮೊದಲ ಸಾಲು ಖಾಲಿ ಪಟ್ಟಿಯ ಬಗ್ಗೆ. ಜಾವಾಸ್ಕ್ರಿಪ್ಟಿನಲ್ಲಿ ಅದನ್ನು ಇಫ್ ಒಳಗೆ ಇಟ್ಟರೆ "ಇದೆ", ಪೈಥಾನ್‌ನಲ್ಲಿ "ಇಲ್ಲ". ಮುಂದೆ ಉದ್ದಕ್ಕೆ ಒಂದು ಕೆಂಪು ಗೆರೆ.